ಬಣ್ಣ ಬಿಡಿಸಿದ ಎಣ್ಣೆಯನ್ನು ಬಿಡಿಸುವವರಾರು?

ಬೀಜಾಡಿಯ ಓದುಗರೊಬ್ಬರು ಕೇಳಿದ್ದಾರೆ: ಮುಖಕ್ಕೆ ಹಚ್ಚಿ ನೀರಿನಲ್ಲಿ ತೊಳೆದುಕೊಳ್ಳುವ 'ಕ್ಲೆನ್ಸಿಂಗ್ ಆಯಿಲ್' ಅಂತ ಸಣ್ಣ ಬಾಟಲಿಗೆ ದೊಡ್ಡ ಬೆಲೆ ಹಾಕಿ ಮಾರುತ್ತಾರೆ. ನಮ್ಮ ಮನೆ ಹಿತ್ತಲಲ್ಲೇ ತೆಂಗಿದೆ, ಗಾಣದ ಎಣ್ಣೆಯೂ ಇದೆ. ಅದನ್ನೇ ಹಚ್ಚಿದರೆ ಸಾಲದೇ?

ಅರ್ಧ ಕೆಲಸಕ್ಕೆ ಸಾಕು. ಆ ಅರ್ಧವನ್ನು ಕುಂದಾಪುರದ ಕಡೆಯವರಿಗೆ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ತೋರಿಸಬೇಕಿಲ್ಲ, ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯೊಳಗೆ ಇಣುಕಿದರೆ ಆಯಿತು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಹೀಗೆ ಒಂದಲ್ಲ ಒಂದು ಮೇಳದ ಆಟ ಮಳೆಗಾಲ ಕಳೆದು ಮೇ ತಿಂಗಳು ಮುಗಿಯುವವರೆಗೂ ಈ ಸೀಮೆಯಲ್ಲಿ ನಡೆಯುತ್ತಲೇ ಇರುತ್ತದೆ. ಬಣ್ಣಕ್ಕೆ ಕೂತ ಕಲಾವಿದರು ಮೊದಲು ಮುಖಕ್ಕೆ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಬಿಳಿಯ ಸಫೇದ, ಹಳದಿ, ಕೆಂಪು ಪುಡಿಗಳನ್ನು ಎಣ್ಣೆಯಲ್ಲೇ ಕಲಸಿ ಬಳಿದುಕೊಳ್ಳುತ್ತಾರೆ. ಸಫೇದ ಎಂದರೆ ಸತುವಿನ ಆಕ್ಸೈಡ್. ಹಿಂದೆ ಇದರ ಜೊತೆಗೆ ಇಂಗಳೀಕವೂ ಕಾಡಿಗೆಯೂ ಇದ್ದವು. ಇಷ್ಟು ಬಳಿದುಕೊಂಡು, ಕಿರೀಟ ಕಟ್ಟಿ, ಬೆವರು ಸುರಿಸುತ್ತ ಗಂಟೆಗಟ್ಟಲೆ ಕುಣಿದರೂ ಬಣ್ಣ ಇಳಿಯುವುದಿಲ್ಲ. ಬೆವರು ನೀರು, ಬಣ್ಣ ಎಣ್ಣೆ. ಎರಡಕ್ಕೂ ಸೇರಿಕೆಯಿಲ್ಲ.

ಆಟ ಮುಗಿದ ಮೇಲೆ ಅದೇ ಬಣ್ಣವನ್ನು ತೆಗೆಯುವುದೂ ತೆಂಗಿನೆಣ್ಣೆಯಿಂದಲೇ. ಅಂಗೈಗೆ ಎಣ್ಣೆ ಸುರಿದುಕೊಂಡು ಮುಖವಿಡೀ ತಿಕ್ಕಿದರೆ ಹುಬ್ಬು, ಮೀಸೆ, ನಾಮ ಎಲ್ಲ ಕಲಸಿಹೋಗಿ ಒಂದೇ ರಾಡಿಯಾಗುತ್ತದೆ. ಹಳೆ ಬಟ್ಟೆಯಲ್ಲಿ ಒರೆಸಿದರೆ ಅಡಿಯಲ್ಲಿದ್ದ ಮುಖ ಕಾಣುತ್ತದೆ. ಇಲ್ಲಿ ಬಣ್ಣದ ಪುಡಿ ಎಣ್ಣೆಯಲ್ಲಿ ಕರಗುತ್ತದೆ ಎಂದು ತಿಳಿಯಬಾರದು. ಸತುವಿನ ಆಕ್ಸೈಡ್ ಖನಿಜ. ಅದು ಎಣ್ಣೆಗೂ ಕರಗದು, ನೀರಿಗೂ ಕರಗದು. ಪುಡಿಯ ಕಣಗಳನ್ನು ಚರ್ಮಕ್ಕೆ ಅಂಟಿಸಿ ಹಿಡಿದ ಜಿಡ್ಡು ಹೊಸ ಎಣ್ಣೆ ಬಿದ್ದಾಗ ತೆಳುವಾಗುತ್ತದೆ, ಹಿಡಿತ ಸಡಿಲುತ್ತದೆ, ಕಣಗಳು ತೇಲಿ ಬರುತ್ತವೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಚಿಟ್ಟಿಯ ಕತೆ ಬೇರೆ. ಅದು ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ್ದು, ನೀರಿನ ಬಳಗದ್ದು. ಎಣ್ಣೆ ಎಷ್ಟು ಸುರಿದರೂ ಅದು ಕರಗುವುದಿಲ್ಲ, ಬಿಡಿಸಿಯೇ ತೆಗೆಯಬೇಕು.

ನೀರಿಗೆ ಜಗ್ಗದ ಕಾಡಿಗೆ, ಲಿಪ್‌ಸ್ಟಿಕ್, ಸನ್‌ಸ್ಕ್ರೀನ್, ಚರ್ಮವೇ ಸುರಿಸುವ ಜಿಡ್ಡು ಎಲ್ಲವೂ ಎಣ್ಣೆಯಲ್ಲಿ ಕಲಸಿದ ಸಫೇದದಂತೆ ಎಣ್ಣೆಯ ಬಳಗದವೇ. ಇವನ್ನು ಎಣ್ಣೆ ಸಲೀಸಾಗಿ ಬಿಡಿಸುತ್ತದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಜಾಹೀರಾತಿನವರ ಮಾತು ಪ್ರಾಮಾಣಿಕವಾಗಿರುತ್ತಿತ್ತು. ಎಣ್ಣೆ ಚರ್ಮದೊಳಗಿನ ವಿಷವನ್ನು 'ಎಳೆದು' ತೆಗೆಯುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಮೂಗಿನ ಮೇಲಿನ ಕಪ್ಪು ಚುಕ್ಕೆಯನ್ನು ಕರಗಿಸುತ್ತದೆ ಎಂಬುದೂ ಅರೆಸತ್ಯ. ಆ ಚುಕ್ಕೆಯಲ್ಲಿ ಜಿಡ್ಡಿನೊಂದಿಗೆ ಸತ್ತ ಚರ್ಮಕೋಶಗಳ ಕೆರಾಟಿನ್ ಇರುತ್ತದೆ, ಕೆರಾಟಿನ್ ಎಣ್ಣೆಗೆ ಕರಗುವುದಿಲ್ಲ. ಕಪ್ಪು ಬಣ್ಣವೂ ಕೊಳೆಯದಲ್ಲ, ನಮ್ಮದೇ ಮೆಲನಿನ್‌ನದು.

ಈಗ ಉಳಿದ ಅರ್ಧಕ್ಕೆ ಬರೋಣ. ಬಣ್ಣ ಹೋಯಿತು, ಎಣ್ಣೆ ಉಳಿಯಿತು. ನೀರು ಎರಚಿದರೆ ಹನಿಹನಿಯಾಗಿ ಜಾರಿ ಕೆಳಗೆ ಬೀಳುತ್ತದೆಯೇ ಹೊರತು ಎಣ್ಣೆ ಕದಲುವುದಿಲ್ಲ. ಬಟ್ಟೆಯಲ್ಲಿ ಒರೆಸಿದರೂ ತೆಳುಪದರ ಉಳಿದೇ ಉಳಿಯುತ್ತದೆ. ಉಳಿದರೇನು ಎಂದು ಕೇಳಬಹುದು. ಒಣ ಚರ್ಮದವರಿಗೆ ಏನೂ ಆಗದಿರಬಹುದು, ಹಿತವೇ ಆಗಬಹುದು. ಆದರೆ ನಮ್ಮೆಲ್ಲರ ಚರ್ಮದ ಮೇಲೆ ಮಲಸೇಜಿಯಾ ಎಂಬ ಶಿಲೀಂಧ್ರ ವಾಸಿಸುತ್ತದೆ. ಕೊಬ್ಬಿನಾಮ್ಲವೇ ಅದರ ಆಹಾರ. ತಲೆಹೊಟ್ಟಿಗೂ ಹಣೆ-ಬೆನ್ನಿನ ಕೆಲವು ಬಗೆಯ ಗುಳ್ಳೆಗಳಿಗೂ ಅದರ ಪಾಲಿದೆ. ಕರಾವಳಿಯ ಸೆಕೆಯಲ್ಲಿ, ಬೆವರಿನ ಮೇಲೆ, ರಾತ್ರಿಯಿಡೀ ಎಣ್ಣೆ ಇಟ್ಟುಕೊಳ್ಳುವುದೆಂದರೆ ಅದಕ್ಕೆ ಊಟ ಬಡಿಸಿದ ಹಾಗೆಯೇ.

ತೆಂಗಿನೆಣ್ಣೆ ರಂಧ್ರ ಮುಚ್ಚುತ್ತದೆ, ಮೊಡವೆ ತರುತ್ತದೆ ಎಂದು ಅಂಕ ಕೊಟ್ಟು ಹೇಳುವ ಪಟ್ಟಿಗಳನ್ನು ನೀವು ನೋಡಿರಬಹುದು. ಆ ಅಂಕಗಳ ಮೂಲ ಮೊಲದ ಕಿವಿ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು ಸೌಂದರ್ಯವರ್ಧಕಗಳನ್ನು ಮೊಲದ ಕಿವಿಯ ಒಳಬದಿಗೆ ಹಚ್ಚಿ ರಂಧ್ರಗಳು ಮುಚ್ಚುವುದನ್ನು ಪರೀಕ್ಷಿಸಿದರು. ಅದರ ಮೇಲೆ 1972ರಲ್ಲಿ 'ಸೌಂದರ್ಯವರ್ಧಕದ ಮೊಡವೆ' ಎಂಬ ವಿಚಾರವನ್ನು ಮುಂದಿಟ್ಟರು. (ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ನಡೆಸಿದ ಪ್ರಯೋಗಗಳು ವೈದ್ಯಕೀಯ ಇತಿಹಾಸದ ಕರಾಳ ಪುಟ. ಅದನ್ನು ಮರೆತು ಅವರ ಹೆಸರು ಹೇಳುವುದು ನನಗೆ ಸರಿಯೆನಿಸದು.) ಮೊಲದ ಕಿವಿಯ ಚರ್ಮ ನಮ್ಮ ಮುಖಕ್ಕಿಂತ ಬಲು ಸೂಕ್ಷ್ಮ. ಹಾಗಾಗಿ ಆ ಅಂಕಗಳನ್ನು ಎಚ್ಚರಿಕೆಯೆಂದು ಓದಬೇಕು, ತೀರ್ಪೆಂದು ಓದಬಾರದು. ಅಲ್ಲದೆ ಒಂದೇ ನಿಮಿಷ ಮುಖದ ಮೇಲಿದ್ದು ಪೂರ್ತಿ ತೊಳೆದುಹೋಗುವ ಎಣ್ಣೆಗೂ ಹಗಲಿರುಳು ಉಳಿಯುವ ಎಣ್ಣೆಗೂ ಬಹಳ ವ್ಯತ್ಯಾಸವಿದೆ. ಪ್ರಶ್ನೆಯ ತಿರುಳು ಇಲ್ಲೇ ಇದೆ: ಪೂರ್ತಿ ತೊಳೆದುಹೋಗಬೇಕು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಎಣ್ಣೆ ಹಚ್ಚುವವರು ಸೀಗೆಪುಡಿಯನ್ನೋ ಕಡಲೆಹಿಟ್ಟನ್ನೋ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದರು. ಹಿಟ್ಟು ಎಣ್ಣೆಯನ್ನು ಹೀರಿಕೊಂಡು ಉದುರುತ್ತದೆ. ದಾಸವಾಳದ ಎಲೆಯ ಲೋಳೆ ಕೂದಲಿನ ಎಣ್ಣೆಯನ್ನು ಹಗುರವಾಗಿ ಜಾರಿಸುತ್ತದೆ. ಸೀಗೆ, ಅಂಟುವಾಳಗಳದ್ದು ಇನ್ನೂ ಮುಂದಿನ ವಿದ್ಯೆ. ಅವುಗಳಲ್ಲಿರುವ ಸಪೋನಿನ್ ಅಣುವಿಗೆ ಒಂದು ತುದಿ ನೀರಿಗೆ ಒಲಿದದ್ದು, ಇನ್ನೊಂದು ಎಣ್ಣೆಗೆ ಒಲಿದದ್ದು. ಸೋಪಿನ ಅಣುವೂ ಅಂಥದ್ದೇ.

ಇಂಥ ಎರಡು ತುದಿಯ ಅಣುಗಳು ಏನು ಮಾಡುತ್ತವೆ ಎಂಬುದನ್ನು ಬೀಜಾಡಿಯವರಿಗೆ ಕೈರಂಪಣಿಯಿಂದಲೇ ವಿವರಿಸಬಹುದು. ದೋಣಿಯವರು ಮೀನಿನ ಹಿಂಡಿನ ಸುತ್ತ ಅರ್ಧವೃತ್ತವಾಗಿ ಬಲೆ ಬಿಟ್ಟು ಬರುತ್ತಾರೆ. ದಡದಲ್ಲಿ ಎರಡೂ ಕಡೆ ಜನ ಸಾಲುಗಟ್ಟಿ ನಿಂತು ಹಗ್ಗ ಎಳೆಯುತ್ತಾರೆ. ಪ್ರತಿಯೊಬ್ಬರ ಕಾಲು ಮರಳಿನಲ್ಲಿ ಊರಿದೆ, ಕೈ ಸಮುದ್ರದಿಂದ ಬರುವ ಹಗ್ಗದಲ್ಲಿದೆ. ಕೈಗೊಂದು ಲೋಕ, ಕಾಲಿಗೊಂದು ಲೋಕ. ಸೋಪಿನ ಅಣು ಹೀಗೆಯೇ ಒಂದು ತುದಿಯನ್ನು ಎಣ್ಣೆಯ ಹನಿಗೆ ಚುಚ್ಚಿ, ಇನ್ನೊಂದನ್ನು ನೀರಿನಲ್ಲಿ ಊರಿ ನಿಲ್ಲುತ್ತದೆ. ಸುತ್ತಲಿಂದ ಸಾವಿರಾರು ಅಣುಗಳು ಹೀಗೆ ಮುತ್ತಿದಾಗ ಹನಿ ಚರ್ಮದಿಂದ ಏಳುತ್ತದೆ, ನೀರಿನೊಂದಿಗೆ ಹೊರಡುತ್ತದೆ. ಇಬ್ಬರು ಮೂವರು ಹಿಡಿದರೆ ರಂಪಣಿ ಬಲೆ ದಡಕ್ಕೆ ಬರುವುದಿಲ್ಲ, ಸಾಕಷ್ಟು ಕೈ ಸೇರಬೇಕು. ಅಣುಗಳಿಗೂ ಅಂಥದೊಂದು ಮಿತಿಯಿದೆ. ಆ ಸಾಂದ್ರತೆ ದಾಟಿದ ಮೇಲೆ ಅವು ತಾವೇ ಗುಂಪುಗೂಡುತ್ತವೆ, ಎಣ್ಣೆಯ ಬಾಲಗಳನ್ನು ಒಳಗಿಟ್ಟು ನೀರಿನ ತಲೆಗಳನ್ನು ಹೊರಗಿಟ್ಟು ಸಣ್ಣ ಉಂಡೆಗಳಾಗುತ್ತವೆ. ಹೋಲಿಕೆ ಒಂದು ಕಡೆ ಸೋಲುತ್ತದೆ: ಕೈರಂಪಣಿಯಲ್ಲಿ ಎಳೆಯಲು ಕೂಗಿ ಹೇಳುವವರಿರುತ್ತಾರೆ, ಅಣುಗಳಿಗೆ ಯಾರೂ ಹೇಳಬೇಕಿಲ್ಲ. ಬಾಲವನ್ನು ನೀರಿನಿಂದ ದೂರವಿಡುವುದರಲ್ಲೇ ಅವುಗಳಿಗೆ ಸ್ಥಿರತೆ.

ಈ ಉಂಡೆಗಳಿಗೆ ಮಿಸೆಲ್ ಎಂದು ಹೆಸರು. ಸೋಪಿನ ನೀರಿನಲ್ಲಿ ಅವು ಇವೆಯೆಂದು 1913ರಲ್ಲಿ ಹೇಳಿದವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಕೆನಡಾದ ರಸಾಯನಶಾಸ್ತ್ರಜ್ಞ ಜೇಮ್ಸ್ ವಿಲಿಯಂ ಮೆಕ್‌ಬೇನ್. ಸೋಪಿನ ದ್ರಾವಣ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತಿತ್ತು, ಆದರೆ ಕರಗಿದ ಕಣಗಳನ್ನು ಲೆಕ್ಕ ಹಾಕುವ ಬೇರೆ ಅಳತೆಗಳಲ್ಲಿ ಕಣಗಳ ಸಂಖ್ಯೆ ತೀರಾ ಕಡಿಮೆ ಬರುತ್ತಿತ್ತು. ಕಣಗಳು ಗುಂಪುಗೂಡಿವೆ ಎಂದು ಮೆಕ್‌ಬೇನ್ ತರ್ಕಿಸಿದರು. ಲಂಡನ್ನಿನ ಸಭೆಯೊಂದರಲ್ಲಿ ಅಧ್ಯಕ್ಷರು ಇದನ್ನು ಅಸಂಬದ್ಧವೆಂದು ತಳ್ಳಿಹಾಕಿದರಂತೆ. ಕೊನೆಗೆ ಗೆದ್ದದ್ದು ಮೆಕ್‌ಬೇನ್. ನಮಗೆ ಸಂತೋಷದ ಸಂಗತಿಯೆಂದರೆ, 1950ರ ಜನವರಿಯಲ್ಲಿ ಉದ್ಘಾಟನೆಯಾದ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮೊದಲ ನಿರ್ದೇಶಕರು ಅವರೇ. ಸೋಪಿನ ನೀರಿನ ಗುಟ್ಟು ಬಿಡಿಸಿದವರು ಸ್ವತಂತ್ರ ಭಾರತದ ರಸಾಯನವಿಜ್ಞಾನಕ್ಕೆ ಅಡಿಪಾಯ ಹಾಕಲು ಬಂದಿದ್ದರು ಎಂಬುದು ನಮ್ಮ ಶಾಲಾಪುಸ್ತಕಗಳಲ್ಲಿ ಇರಬೇಕಾದ ಮಾತು.

ಹಾಗಾದರೆ ಎಣ್ಣೆ ಹಚ್ಚಿ ಸೋಪಿನಲ್ಲೇ ತೊಳೆಯಬಹುದಲ್ಲ? ಚೌಕಿಯಲ್ಲಿ ಬಹಳ ಮಂದಿ ಮಾಡುವುದು ಅದನ್ನೇ. ಎರಡು ತೊಡಕುಗಳಿವೆ. ಸೋಪಿನ ನೀರಿನ ಪಿಎಚ್ 9-10ರ ಆಸುಪಾಸು. ಚರ್ಮದ್ದು 5ರ ಹತ್ತಿರ. ದಿನವೂ ಉಜ್ಜಿ ತೊಳೆದರೆ ಚರ್ಮ ಬಿಗಿಯುತ್ತದೆ, ಒಣಗುತ್ತದೆ. ಎರಡನೆಯದು ಕಡಲ ಪಕ್ಕದ ತೊಡಕು. ಬೇಸಿಗೆಯಲ್ಲಿ ಬಾವಿನೀರು ಉಪ್ಪಾಗುವ ಮನೆಗಳಲ್ಲಿ ಸೋಪು ನೊರೆ ಕೊಡದೆ ಬಿಳಿ ಗಸಿಯಾಗಿ ಮೈಗೆ ಅಂಟುವುದನ್ನು ಎಲ್ಲರೂ ಕಂಡಿದ್ದಾರೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಆಗುವ ಗಸಿ ಅದು. ತೆಂಗಿನೆಣ್ಣೆಯಿಂದ ಮಾಡಿದ ಸೋಪು ಮಾತ್ರ ಉಪ್ಪುನೀರಿನಲ್ಲೂ ಒಂದಿಷ್ಟು ನೊರೆ ಕೊಡುತ್ತದೆ, ಹಡಗಿನವರು ಸಮುದ್ರಸ್ನಾನಕ್ಕೆ ಅದನ್ನೇ ಇಟ್ಟುಕೊಳ್ಳುತ್ತಿದ್ದರು. ತೆಂಗಿನೆಣ್ಣೆಯ ಅರ್ಧದಷ್ಟು ಪಾಲು ಲಾರಿಕ್ ಆಮ್ಲ. ಅದರ ಬಾಲ ಗಿಡ್ಡ, ಉಪ್ಪಿದ್ದರೂ ಕರಗುತ್ತದೆ.

ಕ್ಲೆನ್ಸಿಂಗ್ ಆಯಿಲ್ ಮಾಡುವವರ ಜಾಣತನ ಇರುವುದು ಈ ಎರಡು ತೊಡಕನ್ನೂ ತಪ್ಪಿಸಿ, ಎರಡು ತುದಿಯ ಅಣುವನ್ನು ಎಣ್ಣೆಯೊಳಗೇ ಮೊದಲೇ ಬೆರೆಸಿಡುವುದರಲ್ಲಿ. ಜಪಾನಿನ ಮೇಕಪ್ ಕಲಾವಿದ ಶು ಉಯೆಮುರಾ 1967ರಲ್ಲಿ ಅಂಥ ಎಣ್ಣೆಯನ್ನು ಮಾರುಕಟ್ಟೆಗೆ ತಂದರು. ಅವರೂ ನಟನಟಿಯರ ಬಣ್ಣ ಬಳಿದು, ಬಿಡಿಸಿ ಪಳಗಿದವರೇ ಎಂಬುದನ್ನು ಗಮನಿಸಿ. ಇಲ್ಲಿ ಬಳಸುವ ಅಣುಗಳಿಗೆ ವಿದ್ಯುದಾವೇಶವಿಲ್ಲ, ಹಾಗಾಗಿ ಉಪ್ಪುನೀರಿನ ಕ್ಯಾಲ್ಸಿಯಂ ಅವುಗಳ ತಂಟೆಗೆ ಬರುವುದಿಲ್ಲ. ಯಾವ ಅಣು ನೀರಿನ ಕಡೆ ಎಷ್ಟು ವಾಲುತ್ತದೆ ಎಂದು ಅಳೆಯಲು 1949ರಲ್ಲಿ ಅಮೆರಿಕದ ಅಟ್ಲಾಸ್ ಕಂಪನಿಯ ವಿಲಿಯಂ ಗ್ರಿಫಿನ್ 0ಯಿಂದ 20ರವರೆಗಿನ ಎಚ್‌ಎಲ್‌ಬಿ ಮಾಪಕವನ್ನು ರೂಪಿಸಿದರು. ಮನೆಯಲ್ಲಿ ಮಾಡುವವರಿಗೆ ಸುಲಭವಾಗಿ ಸಿಗುವ ಇಂಥ ಅಣುವೆಂದರೆ ಪಾಲಿಸಾರ್ಬೇಟ್ 80, ಅದರ ಅಂಕ 15. ಐಸ್‌ಕ್ರೀಮಿನ ಪೊಟ್ಟಣದ ಮೇಲೆ 433 ಎಂಬ ಸಂಖ್ಯೆ ಕಂಡರೆ ಅದು ಇದೇ.

ಮಾಡುವುದು ಕಷ್ಟವಲ್ಲ. 80-85 ಗ್ರಾಂ ಎಣ್ಣೆಗೆ 15-20 ಗ್ರಾಂ ಪಾಲಿಸಾರ್ಬೇಟ್ 80, ಚಮಚದಲ್ಲಲ್ಲ, ತಕ್ಕಡಿಯಲ್ಲಿ ತೂಗಿ ಬೆರೆಸಬೇಕು. ತುಂಬ ಹೊತ್ತು ಇಟ್ಟರೆ ತಳದಲ್ಲಿ ಬೇರ್ಪಡಬಹುದು, ಬಳಸುವ ಮುನ್ನ ಕುಲುಕಬೇಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುವುದರಿಂದ ಬೀಜಾಡಿಯಲ್ಲಿ ಹೆಚ್ಚುಕಡಿಮೆ ವರ್ಷವಿಡೀ ದ್ರವವಾಗಿಯೇ ಇರುತ್ತದೆ, ಬೆಂಗಳೂರಿನ ಡಿಸೆಂಬರಿನಲ್ಲಿ ಗಟ್ಟಿಯಾಗುತ್ತದೆ. ಮೊಡವೆಯ ಮುಖಕ್ಕೆ ಸೂರ್ಯಕಾಂತಿ ಎಣ್ಣೆ ಲೇಸು, ಅದು ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಮಾಡಿಕೊಳ್ಳಿ.

ಬಳಸುವಾಗ ಕೈಯೂ ಮುಖವೂ ಒಣಗಿರಬೇಕು. ಮೊದಲೇ ನೀರು ತಾಗಿದರೆ ಪಾಲಿಸಾರ್ಬೇಟ್ ನೀರಿನ ಕಡೆ ತಿರುಗಿಬಿಡುತ್ತದೆ, ಎಣ್ಣೆ ಜಿಡ್ಡನ್ನು ಕರಗಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಂದು ನಿಮಿಷ ಮೆಲ್ಲಗೆ ತಿಕ್ಕಿ, ಆಮೇಲೆ ಒದ್ದೆ ಕೈಯಿಂದ ಸವರಿದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆ ಅತಿಸಣ್ಣ ಹನಿಗಳಾಗಿ ಒಡೆದು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬಂದ ಬಿಳುಪು ಅದು. ನನ್ನ ಮಟ್ಟಿಗೆ ಈ ಇಡೀ ವಿದ್ಯೆಯಲ್ಲಿ ಅತ್ಯಂತ ಚೆಂದದ ಗಳಿಗೆ ಅದೇ. ಬೆಳ್ಳಗಾಗದಿದ್ದರೆ ಪಾಲಿಸಾರ್ಬೇಟ್ ಸಾಲದು ಎಂದರ್ಥ.

ಬಾಟಲಿಗೆ ನಿಂಬೆರಸ, ಲೋಳೆಸರ, ರೋಸ್‌ವಾಟರ್ ಯಾವುದನ್ನೂ ಹಾಕಬೇಡಿ. ಎಣ್ಣೆಯಲ್ಲಿ ನೀರಿಲ್ಲದಿರುವುದರಿಂದಲೇ ಅದು ಸಂರಕ್ಷಕವಿಲ್ಲದೆ ಕೆಡದೆ ಉಳಿಯುತ್ತದೆ. ನೀರು ಸೇರಿದ ದಿನವೇ ಬ್ಯಾಕ್ಟೀರಿಯಾಗಳಿಗೆ ಮನೆ ಕಟ್ಟಿಕೊಟ್ಟಂತೆ. ನಿಂಬೆರಸ ಮುಖದಲ್ಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಕಲೆಗಳಾಗಬಹುದು. ಮಲಸೇಜಿಯಾದ ತೊಂದರೆ ಇರುವವರು ಈ ಮಿಶ್ರಣದಿಂದ ದೂರವಿರುವುದೇ ವಾಸಿ. ಆ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸುವವರು ಅದರ ಆಹಾರಕ್ಕೆ ಸೇರಿಸುವುದು ಇಂಥ ಪಾಲಿಸಾರ್ಬೇಟುಗಳನ್ನೇ.

ಓದುಗರಿಗೆ ನನ್ನ ಉತ್ತರ ಇಷ್ಟು: ಧಾರಾಳವಾಗಿ ಮನೆಯಲ್ಲೇ ಮಾಡಿಕೊಳ್ಳಿ. ಮೊದಲು ಮುಂಗೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡಿ, ಆಮೇಲೆ ಮುಖಕ್ಕೆ ತನ್ನಿ. ಬಣ್ಣವೂ ಸನ್‌ಸ್ಕ್ರೀನೂ ಹಚ್ಚದ ದಿನ ಇದರ ಅಗತ್ಯವೇ ಇಲ್ಲ, ಬರೀ ನೀರು ಸಾಕು. ಆರು ತಿಂಗಳು ಬಿಡದೆ ಬಣ್ಣ ಹಚ್ಚುವ ಕಲಾವಿದರಿಗೆ ಮಾತ್ರ ಇದು ನಿಜಕ್ಕೂ ಬೇಕಾದ ವಸ್ತು. ಮೇಳದ ಯಜಮಾನರು ಚೌಕಿಯ ಎಣ್ಣೆ ಬಾಟಲಿಯ ಪಕ್ಕದಲ್ಲಿ ಇದನ್ನೂ ಒಂದು ಇಡಲಿ.