ಇಸವಿ ಕೇಳಬೇಡಿ, ಸಂವತ್ಸರ ಕೇಳಿ

ತಪ್ಪು ಕಲ್ಪನೆ: ನಮ್ಮದೇನು ಅರಸು ಮನೆತನವೇ? ಬರೆದಿಡುವಂಥದ್ದು ಏನಿದೆ?

ವಾಸ್ತವ: ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆಗಳ ವಂಶಾವಳಿಯನ್ನು ತಲೆತಲಾಂತರದಿಂದ ಹೇಳುತ್ತ, ಬರೆದುಕೊಳ್ಳುತ್ತ ಬಂದಿದ್ದಾರೆ. ಹೊಲ ಉಳುವವರ ಮನೆತನವೂ ದಾಖಲೆಗೆ ಯೋಗ್ಯ ಎಂಬುದು ಅವರಿಗೆ ಎಂದೋ ಗೊತ್ತಿತ್ತು. ಮೂಲ ಊರು, ಹಿರೀಕರ ಹೆಸರು ಅವರ ಹೊತ್ತಿಗೆಯಲ್ಲಿ ಸಿಕ್ಕೀತು. ಆ ಮನೆಗೆ ಬಂದ ಸೊಸೆ ಮೊದಲ ವರ್ಷ ಹೇಗೆ ಕಳೆದಳು ಎಂಬುದು ಮಾತ್ರ ಆಕೆಯ ಬಾಯಿಂದಲೇ ಬರಬೇಕು.

ತಪ್ಪು ಕಲ್ಪನೆ: ಅಜ್ಜಿಗೆ ಇಸವಿ, ತಾರೀಖು ಒಂದೂ ನೆನಪಿಲ್ಲ.

ವಾಸ್ತವ: ಇಸವಿ ನೆನಪಿಲ್ಲದಿದ್ದರೂ ಕಾಲ ನೆನಪಿರುತ್ತದೆ. ‘ತಾರಣ ಸಂವತ್ಸರದಲ್ಲಿ ಹುಟ್ಟಿದ್ದು’ ಎಂದು ಎಂಬತ್ತು ದಾಟಿದ ಅಜ್ಜಿ ಹೇಳಿದರೆ ಲೆಕ್ಕ ಮುಗಿಯಿತು: 1944ರ ಯುಗಾದಿಯಿಂದ 1945ರ ಯುಗಾದಿಯ ನಡುವೆ. ಸಂವತ್ಸರ ಮರಳುವುದು ಅರವತ್ತು ವರ್ಷಕ್ಕೊಮ್ಮೆ, ಹಾಗಾಗಿ ಗೊಂದಲವಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜನ್ಮದಿನಕ್ಕಿಂತ ಎಷ್ಟೋ ಸಲ ಇದೇ ಹೆಚ್ಚು ನಂಬಿಕೆಗೆ ಅರ್ಹ. ಮದುವೆಯ ವರ್ಷ ತಿಳಿಯಬೇಕೇ? ಆಗ ಆಣೆ ನಡೆಯುತ್ತಿತ್ತೋ, ನಯಾಪೈಸೆ ಬಂದಿತ್ತೋ ಕೇಳಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಶರಾವತಿ ಕಣಿವೆಯವರಾದರೆ, ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಬಿಡುವ ಮುಂಚೆಯೋ ಆಮೇಲೋ ಎಂದು ಕೇಳಿದರೆ ಸಾಕು.

ಪ್ರಶ್ನೆಯನ್ನೂ ಸಣ್ಣದು ಮಾಡಿ. ‘ಆಗಿನ ಕಾಲ ಹೇಗಿತ್ತಜ್ಜಿ?’ ಎಂದರೆ ‘ಏನ್ ಹೇಳ್ಲಿ ಮಗಾ, ಬರೀ ಕಷ್ಟ’ ಎಂದು ಸುಮ್ಮನಾಗುತ್ತಾರೆ. ‘ಬಾಣಂತಿ ಕೋಣೆ ಯಾವ ಕಡೆಗಿತ್ತು? ನೀರು ಕಾಯಿಸ್ತಿದ್ದೋರು ಯಾರು?’ ಎಂದು ಕೇಳಿ ನೋಡಿ. ಹಂಡೆ, ಸೌದೆ, ಸೂಲಗಿತ್ತಿ, ಉಳಿಯದೆ ಹೋದ ಕೂಸು, ಎಲ್ಲ ಒಂದರ ಹಿಂದೆ ಒಂದು ಬರುತ್ತವೆ.

ತಪ್ಪು ಕಲ್ಪನೆ: ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರಾಯಿತು.

ವಾಸ್ತವ: ರೆಕಾರ್ಡ್ ಮಾಡಿ, ದನಿ ಉಳಿಯಲಿ. ಆದರೆ ಫೋನು ಬದಲಾದರೆ ಅದು ಕಳೆದೇ ಹೋದೀತು. ಎರಡು ಗಂಟೆಯ ಧ್ವನಿಯಲ್ಲಿ ಮೊಮ್ಮಗ ಒಂದು ಹೆಸರು ಹುಡುಕಲಾರ. ಅದೇ ವಾರ ಬರೆದಿಳಿಸಿ, ಹೇಳಿದವರು ಯಾರು, ಯಾವ ದಿನ ಎಂಬುದನ್ನೂ ಸೇರಿಸಿ.

ತಪ್ಪು ಕಲ್ಪನೆ: ಬರೆಯುವಾಗ ಭಾಷೆ ತಿದ್ದಬೇಕು.

ವಾಸ್ತವ: ದಯವಿಟ್ಟು ತಿದ್ದಬೇಡಿ. ‘ಹೋಗಿದ್ನಿ’ ಎಂದವರ ಬಾಯಿಗೆ ‘ಹೋಗಿದ್ದೆನು’ ತುರುಕಿದರೆ ಆ ಮನುಷ್ಯರೇ ಮಾಯವಾಗುತ್ತಾರೆ.

ತಪ್ಪು ಕಲ್ಪನೆ: ಇಬ್ಬರು ಎರಡು ಥರ ಹೇಳಿದರೆ ಒಬ್ಬರದು ಸುಳ್ಳು.

ವಾಸ್ತವ: 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದ ಗೇಣಿದಾರ ದೊಡ್ಡಪ್ಪನಿಗೂ ಗದ್ದೆ ಕಳೆದುಕೊಂಡ ಸೋದರಮಾವನಿಗೂ ಒಂದೇ ಕಥೆ ಇರುವುದು ಹೇಗೆ ಸಾಧ್ಯ? ಎರಡನ್ನೂ ಅವರವರ ಹೆಸರಿನಲ್ಲಿ ಬರೆಯಿರಿ. ‘ಇದನ್ನ ಬರೀಬೇಡಪ್ಪ’ ಎಂದದ್ದನ್ನು ಮಾತ್ರ ಬಿಟ್ಟುಬಿಡಿ. ಆರು ತಿಂಗಳು ಕಳೆದು ಇನ್ನೊಮ್ಮೆ ಕೇಳಬಹುದು. ಆಗ ಅವರೇ ಬರೆದುಕೋ ಎಂದರೂ ಎನ್ನಬಹುದು.