ರೆಕ್ಕೆ ಕಳಚಿದ ಗೊದ್ದ

ಮುಂಗಾರಿಗೆ ಮೊದಲಿನ ಮಳೆ ಬಂದುಹೋದ ಸಂಜೆ, ಪುಣೆಯ ಮಾರ್ಕೆಟ್ ಯಾರ್ಡಿನ ಬೆಲ್ಲ-ಧಾನ್ಯದ ಸಾಲಿನಲ್ಲಿ ದೀಪ ಹತ್ತಿದೊಡನೆ ರೆಕ್ಕೆಹುಳುಗಳು ಮುತ್ತುತ್ತವೆ. ಬಹಳಷ್ಟು ಗೆದ್ದಲು. ಅವುಗಳ ನಾಲ್ಕು ರೆಕ್ಕೆಯೂ ಒಂದೇ ಅಳತೆ, ಕುಡಿಮೀಸೆ ನೇರ, ಸೊಂಟ ಎಂಬುದೇ ಇಲ್ಲ. ಇರುವೆಯಾದರೆ ಮುಂದಿನ ಜೋಡಿ ರೆಕ್ಕೆ ದೊಡ್ಡದು, ಕುಡಿಮೀಸೆ ನಡುವೆ ಮಡಿಚಿದ್ದು, ಸೊಂಟ ಸಪೂರ.

ನಾನು ಹುಡುಕುವುದು ಹಾರುವವಳನ್ನಲ್ಲ, ನೆಲದ ಮೇಲೆ ನಡೆಯುವವಳನ್ನು. ಕೂಡಿಕೆ ಮುಗಿಸಿದ ರಾಣಿ ರೆಕ್ಕೆಗಳನ್ನು ತಾನೇ ಕಿತ್ತು ಬಿಸುಟು, ಗೋಡೆಯ ಬುಡ ಹಿಡಿದು ಬಿರುಕು ಅರಸುತ್ತ ಹೊರಡುತ್ತಾಳೆ. ಬೆಲ್ಲದ ಪೆಂಟೆಗಳ ಕಡೆ ತಿರುಗಿಯೂ ನೋಡುವುದಿಲ್ಲ. ಕಲಬುರಗಿ ಕಡೆಯ ಹಮಾಲರೊಬ್ಬರು ಬಗ್ಗಿ ನೋಡಿ, "ಗೊದ್ದ ಅದರಿ ಅಕ್ಕಾರ, ಕಡೀತದ ನೋಡ್ರಿ" ಎಂದರು. ಸರಿಯಾಗಿಯೇ ಹೇಳಿದರು, ಕುಲದ ಮಟ್ಟಿಗೆ ನನ್ನ ಮಸೂರ ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಹಿಡಿದು ಹಾಕಿದ ಗಾಜಿನ ಕೊಳವೆಯೊಳಗೆ ಅವಳು ಮೊದಲು ಮಾಡಿದ್ದು ಶುಚಿ. ಮುಂಗಾಲಿನ ಗಂಟಿನಲ್ಲಿ ಸಣ್ಣ ಬಾಚಣಿಗೆಯೊಂದಿದೆ. ಕುಡಿಮೀಸೆಯನ್ನು ಅದರ ಸಂದಿಗೆ ಸಿಕ್ಕಿಸಿ ಬುಡದಿಂದ ತುದಿಯವರೆಗೆ ನಿಧಾನ ಎಳೆದಳು. ಆ ಕಾಲನ್ನು ಬಾಯಿಗೆ ಒಯ್ದು ಒರೆಸಿದಳು, ಮತ್ತೆ ಇನ್ನೊಂದು. ಅಷ್ಟು ಹೊತ್ತು ನೋಡಲು ಬಿಡುವು ಸಿಕ್ಕಿತು. ಮೈ ಹೊಳಪಿಲ್ಲದ ಮಸಿಗಪ್ಪು, ಕಾಲುಗಳಲ್ಲಿ ಕಂದುಗೆಂಪಿನ ಛಾಯೆ. ನೆತ್ತಿಯ ಮೇಲೆ ಜೇನುಬಣ್ಣದ ಮೂರು ಸರಳ ಕಣ್ಣು. ದೊಡ್ಡ ತಲೆಯ ಕೆಲಸಗಾರ ಗೊದ್ದದ ಎದೆ ಬದಿಯಿಂದ ಒಂದೇ ನಯವಾದ ಕಮಾನು. ಇವಳದು ಫಲಕ ಫಲಕವಾಗಿ ಉಬ್ಬಿದೆ, ಹಾರಾಟದ ಸ್ನಾಯು ತುಂಬಿದ್ದ ಕೋಣೆ ಅದು. ಅದರ ಅಂಚಿನಲ್ಲಿ ರೆಕ್ಕೆ ಮುರಿದ ಮಸುಕು ಮೋಟುಗಳು. ಸೊಂಟದಲ್ಲಿ ಒಂದೇ ಗಂಟು. ಹೊಟ್ಟೆಯ ತುದಿಯಲ್ಲಿ ಕೊಂಡಿಯಿಲ್ಲ, ಸಣ್ಣ ರೋಮಗಳು ಸುತ್ತುಗಟ್ಟಿದ ದುಂಡು ರಂಧ್ರ. ಫಾರ್ಮಿಕ್ ಆಮ್ಲ ಸಿಡಿಯುವುದು ಅಲ್ಲಿಂದ. ಇಷ್ಟೆಲ್ಲ ಕೂಡಿದರೆ ಕ್ಯಾಂಪೊನೋಟಸ್ ಕುಲ. ಎರಡು ಗಂಟೂ ಕೊಂಡಿಯೂ ಇದ್ದಿದ್ದರೆ ದಾರಿಯೇ ಬೇರೆ.

ಎಲ್ಲ ಇರುವೆಗೂ ರಾಣಿ ಇರುತ್ತಾಳೆಂದೂ ಅಲ್ಲ. ಡಯಾಕಮ್ಮ ಕುಲದಲ್ಲಿ ರೆಕ್ಕೆಯ ರಾಣಿಯೇ ಇಲ್ಲ. ಎದೆಯ ಮೇಲಿನ ಮೊಗ್ಗಿನಂಥ ಎರಡು ಅಂಗ ಉಳಿಸಿಕೊಂಡ ಕೆಲಸಗಾರಳೊಬ್ಬಳು ಮೊಟ್ಟೆಯಿಡುತ್ತಾಳೆ, ಉಳಿದವರ ಮೊಗ್ಗುಗಳನ್ನು ಕಚ್ಚಿ ತೆಗೆಯುತ್ತಾಳೆ.

ಈ ಊರಿನ ಇರುವೆಗಳನ್ನು ಹೀಗೆ ನೋಡಿದವರಲ್ಲಿ ಅರಣ್ಯಾಧಿಕಾರಿ ರಾಬರ್ಟ್ ಚಾರ್ಲ್ಸ್ ರಾಟನ್ ಹಳಬರು. ಇಲ್ಲಿ ಸಂಗ್ರಹಿಸಿ ಸ್ವಿಟ್ಜರ್ಲೆಂಡಿನ ಆಗಸ್ಟ್ ಫೊರೆಲ್‌ಗೆ ಕಳಿಸುತ್ತಿದ್ದರು. ಫೊರೆಲ್ 1890ರಲ್ಲಿ ಒಂದು ಪುಟ್ಟ ಇರುವೆಗೆ ಅವರದೇ ಹೆಸರಿಟ್ಟರು. 1892ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ರಾಟನ್ ನಮ್ಮ ಇರುವೆಗಳ ಬಗ್ಗೆ ದೀರ್ಘವಾಗಿ ಬರೆದರು. ಇರುವೆಗಳ ಬಗೆಗಿನ 1903ರ ಬಿಂಗ್ಹ್ಯಾಮ್ ಗ್ರಂಥ ಈಗಲೂ ಕೈಗೆ ಬರುತ್ತದೆ. ಆದರೆ ಜಾತಿ ಗುರುತಿಸುವ ಕೋಷ್ಟಕಗಳು ಹೆಚ್ಚಾಗಿ ಕೆಲಸಗಾರರನ್ನೇ ನೆಚ್ಚಿವೆ. ಹೊಟ್ಟೆಯ ಮೇಲೆ ಹೊಂಬಣ್ಣದ ರೇಷ್ಮೆ ರೋಮವಿದ್ದರೆ ಸೆರಿಸಿಯಸ್ ಎಂದು ಒಡನೆ ಹೇಳಬಹುದು. ಬರಿಯ ಕಪ್ಪು ರಾಣಿಯ ಹೆಸರಿಗೆ ಅವಸರ ಸಲ್ಲದು.

ಕೊಳವೆಯ ಒಂದು ತುದಿಯಲ್ಲಿ ಹತ್ತಿ ತಡೆದ ನೀರು, ಇನ್ನೊಂದರಲ್ಲಿ ಒಣ ಹತ್ತಿ, ಮೇಲೆ ಕತ್ತಲು. ಅನ್ನ ಬೇಡ. ಕರಗುವ ಹಾರಾಟದ ಸ್ನಾಯುವೇ ಅವಳಿಗೂ ಮರಿಹುಳುಗಳಿಗೂ ಊಟ. ಕೆನೆಬಣ್ಣದ ಮೊಟ್ಟೆಗಳ ಗುಪ್ಪೆಯನ್ನು ದವಡೆಯಲ್ಲಿ ಎತ್ತಿ, ನೆಕ್ಕಿ, ಒದ್ದೆ ಹತ್ತಿಯ ಹತ್ತಿರಕ್ಕೊಮ್ಮೆ ದೂರಕ್ಕೊಮ್ಮೆ ಇಡುತ್ತಿದ್ದಳು. ಕೋಶ ಒಡೆದು ಮಸುಕು ಮೈಯ ಕುಳ್ಳ ಕೆಲಸಗಾರರು ಬಂದು, ಮೈಬಣ್ಣ ಬಲಿತ ಮೇಲೆಯೇ ಚೀಟಿಯಲ್ಲಿ ಕಂಪ್ರೆಸ್ಸಸ್ ಎಂದು ಬರೆದೆ, ಪಕ್ಕದಲ್ಲಿ ಸಿಕ್ಕ ಜಾಗ ಗುಲ್ಟೇಕಡಿ ಎಂದೂ.

ರಾಣಿ ಸಿಕ್ಕ ಜಾಗ, ದಿನ, ಮಳೆ ಇವನ್ನು ಬರೆದಿಡಿ. ಊರಿನ ಇರುವೆಯನ್ನು ಕೊರಿಯರ್‌ನಲ್ಲಿ ಬೇರೆ ಊರಿಗೆ ಕಳಿಸಬೇಡಿ; ಸಾಕಲಾಗದಿದ್ದರೆ ಹಿಡಿದ ಗೋಡೆಯ ಬುಡದಲ್ಲೇ ಬಿಟ್ಟುಬಿಡಿ.