ಮನೆಯಲ್ಲಿ ಕಲಿತ ಮಾತು

ಟಿ.ಬಿ. ಡ್ಯಾಂ ನಾವೆಲ್ಲ ನೋಡಿದ್ದೇವೆ. ಅದಕ್ಕೆ 33 ಗೇಟುಗಳಿವೆ. ಡ್ಯಾಂ ತುಂಬಿದಾಗ ಗೇಟು ಎತ್ತಿ, ಅಳತೆ ಮಾಡಿ ನೀರು ಬಿಡುತ್ತಾರೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿ ಹೋಯಿತು. ನೀರು ಅಳತೆಯಿಲ್ಲದೆ ನುಗ್ಗಿತು. ಹೊಳೆದಂಡೆಯ ಜನ ಹೆದರಿದರು.

ಹರೆಯದ ಮಕ್ಕಳ ಮನಸ್ಸೂ ಹಾಗೆಯೇ. ಒಳಗೆ ತುಂಬಿದ ಮಾತಿಗೆ ದಾರಿ ಬೇಕು. ಆ ದಾರಿ ಮೊದಲು ಮನೆಯಲ್ಲಿ ಸಿಗಬೇಕು.

ಹರೆಯದವರು ಅಂದರೆ ಯಾರು? 10 ರಿಂದ 19 ವರ್ಷದವರು. ಈ ವಯಸ್ಸಿನಲ್ಲಿ ಮೈ ಬದಲಾಗುತ್ತದೆ. ಸಿಟ್ಟು, ನಾಚಿಕೆ ಬೇಗ ಬರುತ್ತವೆ. ದುಡುಕು ತಡೆಯುವ ಬುದ್ಧಿ ನಿಧಾನವಾಗಿ ಬಲಿಯುತ್ತದೆ. 20 ದಾಟಿದ ಮೇಲೂ ಅದು ಬೆಳೆಯುತ್ತಾ ಇರುತ್ತದೆ.

ಎರಡು ಮನೆ ನೋಡೋಣ. ಎರಡೂ ಮನೆಯ ಹುಡುಗಿಯರು ಬಸ್ಸಿನಲ್ಲಿ ಹೊಸಪೇಟೆಗೆ ಓದಲು ಹೋಗುತ್ತಾರೆ.

ಮೊದಲ ಮನೆ. "ಅವ್ವಾ, ಬಸ್ಸಿನಾಗ ಒಬ್ಬ ಮೈ ಮುಟ್ತಾನ" ಅಂದಳು ಮಗಳು. "ನೀನೇ ನಕ್ಕಿರ್ತಿ. ನಾಳೆಯಿಂದ ಶಾಲೆ ಬಿಡು" ಅಂದಳು ತಾಯಿ. ಮಗಳು ಕಲಿತದ್ದೇನು? ಕಷ್ಟ ಬಂದರೆ ಬಾಯಿ ಮುಚ್ಚಬೇಕು ಅಂತ. ಶಾಲೆ ನಿಂತಿತು. ಮನೆಯಲ್ಲಿ ಮದುವೆ ಮಾತು ಶುರುವಾಯಿತು.

ಎರಡನೆಯ ಮನೆ. ಅಲ್ಲೂ ಮಗಳು ಅದೇ ಮಾತು ಹೇಳಿದಳು. "ಬಾ, ಕೂತ್ಕೊ. ಏನಾತು ಹೇಳು. ತಪ್ಪು ನಿನ್ನದಲ್ಲ" ಅಂದಳು ತಾಯಿ. ಮರುದಿನ ಜೊತೆಗೆ ಹೋಗಿ ಕಂಡಕ್ಟರಿಗೆ ಹೇಳಿದಳು. ಟೀಚರಿಗೂ ತಿಳಿಸಿದಳು. ಆ ಮಗಳು ಈಗ ನಾಲ್ಕು ಜನರ ನಡುವೆ ಮಾತಾಡ್ತಾಳೆ. ಬೇಡ ಅನ್ನೋದನ್ನ ಗಟ್ಟಿಯಾಗಿ ಹೇಳ್ತಾಳೆ.

ಗಂಡುಮಕ್ಕಳೂ ಮನೆ ನೋಡಿಯೇ ಕಲಿಯುತ್ತಾರೆ. ಅಪ್ಪ ಅವ್ವನ ಮೇಲೆ ಕೈ ಎತ್ತಿದರೆ, ಜಗಳಕ್ಕೆ ಕೈಯೇ ಮದ್ದು ಅಂತ ಮಗ ತಿಳಿಯುತ್ತಾನೆ. ಅಪ್ಪ "ತಪ್ಪಾತು" ಅಂದರೆ ಮಗನೂ ಅನ್ನಲು ಕಲಿಯುತ್ತಾನೆ. ತಟ್ಟೆ ತೊಳೆಯುವ ಮಗ ಹೆಣ್ಣಿನ ದುಡಿಮೆಗೆ ಬೆಲೆ ಕೊಡುತ್ತಾನೆ.

ನಾವು ಶಾಲೆಯಲ್ಲಿ ಪಾಠ ಹೇಳುವವರು. ಉತ್ತರ ಕೊಡದ ಹುಡುಗಿಗೆ "ಬಾಯಿ ಇಲ್ವಾ?" ಅಂತ ಬೈದದ್ದುಂಟು. ಮನೆಯಲ್ಲಿ ಅವಳ ಮಾತು ಕೇಳುವವರೇ ಇರಲಿಲ್ಲ. ಅದು ನಮಗೆ ಆಮೇಲೆ ತಿಳಿಯಿತು. ನಾವೂ ತಿದ್ದಿಕೊಂಡೆವು.

"ನಮಗೆಲ್ಲೈತ್ರೀ ಪುರುಸೊತ್ತು?" ಅಂತೀರಿ. ನಿಜ. ಒಬ್ಬರು ಸಂಡೂರಿನ ಗಣಿಗೆ, ಒಬ್ಬರು ಕಂಪ್ಲಿಯ ಗದ್ದೆಗೆ ಹೋಗುತ್ತೀರಿ. ಆದರೆ ರಾತ್ರಿ ಊಟ ಇದ್ದೇ ಇದೆ. ಆಗ ಟಿ.ವಿ., ಮೊಬೈಲು ಬದಿಗಿಡೋಣ. "ಇವತ್ತು ಏನಾತು?" ಅಂತ ಕೇಳೋಣ. ಪೂರ್ತಿ ಕೇಳೋಣ. ನಡುವೆ ಬೈಯುವುದು ಬೇಡ. ಅಣ್ಣನ ಮಾತು ಕೇಳಿದಷ್ಟೇ ತಂಗಿಯ ಮಾತೂ ಕೇಳೋಣ.

ನೆನಪಿಡಿ:
ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮುಂಚೆ ಮದುವೆ ಮಾಡುವುದು ಅಪರಾಧ.
ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಫೋನ್ ಮಾಡಿ. ಕರೆಗೆ ಹಣ ಬೇಡ.

ಅಕ್ಕಾ, ಈಗ ನಿಮಗೆ ಓದಲು ಬರುತ್ತದೆ. ಈ ಪಾಠವನ್ನು ಇವತ್ತು ರಾತ್ರಿ ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಓದಿದ ಮೇಲೆ ಸುಮ್ಮನೆ ಕೂತುಕೊಳ್ಳಿ. ಅವರು ಏನು ಹೇಳುತ್ತಾರೆ, ಕೇಳಿ.